ಕಂದನಿಗೆ ಕಾಣುತ್ತದೆಯೇ? ಮಿದುಳನ್ನೇ ಕೇಳೋಣ!

ಹೊಸ ಕೂಸನ್ನು ನೋಡಲು ಹೋದಾಗ ನೀವು ಮೊದಲು ಮಾಡುವ ಕೆಲಸ ಯಾವುದು, ಹೇಳಿ? ತೊಟ್ಟಿಲ ಮೇಲೆ ಬಾಗಿ, ಕೂಸಿನ ಮುಖದ ಮುಂದೆ ಬೆರಳು ಆಡಿಸಿ, “ನೋಡ್ರಿ, ನೋಡ್ರಿ, ನನ್ನ ಕಡೀಗೇ ನೋಡಾಕತ್ತೈತಿ!” ಎಂದು ಹಿಗ್ಗುತ್ತೀರಿ. ಆ ಹಿಗ್ಗಿನ ಹಿಂದೆ ಒಂದು ಸಣ್ಣ ಅಂಜಿಕೆಯೂ ಇರುತ್ತದೆ, ಅಲ್ಲವೇ? ಕೂಸಿಗೆ ನಿಜವಾಗಿ ಕಾಣುತ್ತದೆಯೋ ಇಲ್ಲವೋ ಎಂಬ ಅಂಜಿಕೆ. ಅದಕ್ಕೆ ಬಾಯಿ ಬಂದಿಲ್ಲ. ಕೇಳುವುದಾದರೂ ಯಾರನ್ನು?

ನಮ್ಮೂರು ಹಾವೇರಿ ಜಿಲ್ಲೆ ಶಿಗ್ಗಾವಿ ತಾಲ್ಲೂಕಿನ ಹುಲಗೂರು. ಇಲ್ಲಿನ ದರ್ಗಾ ಸುತ್ತಲಿನ ಹಳ್ಳಿಗಳಿಗೆಲ್ಲ ಹೆಸರುವಾಸಿ. ಶಿಶುನಾಳ ಶರೀಫರ ತಂದೆ-ತಾಯಿ ಈ ದರ್ಗಾದ ಖಾದರಿ ಗುರುಗಳ ಭಕ್ತರಾಗಿದ್ದರು, ಗುರುಗಳ ಆಶೀರ್ವಾದದಿಂದಲೇ ಶರೀಫರು ಹುಟ್ಟಿದರು ಎಂಬ ಪ್ರತೀತಿ ಇಂದಿಗೂ ಇದೆ. ಹಾಗಾಗಿ ಕೂಸುಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಬರುವ ತಾಯಂದಿರನ್ನು ನಾನು ಚಿಕ್ಕಂದಿನಿಂದ ನೋಡುತ್ತಲೇ ಬಂದಿದ್ದೇನೆ. ಆದರೆ ಕೂಸಿನ ಕಣ್ಣಿನ ಬಗ್ಗೆ ನಾನು ಕಲಿತ ಪಾಠ ನನ್ನ ಮನೆಯಲ್ಲೇ ಸಿಕ್ಕಿತು. ಅದೂ ಒಂದು ಚಿಟಿಕೆ ಖಾರದ ಪುಡಿಯಿಂದ!

ಖಾರ ಕಲಿಸಿದ ಪಾಠ

ಮೂರು ವರ್ಷದ ಹಿಂದಿನ ಮಾತು. ಬೇಸಿಗೆಯಲ್ಲಿ ವರ್ಷದ ಖಾರ ಮಾಡಿಡುವುದು ನಮ್ಮ ಕಡೆ ರೂಢಿ. ಬ್ಯಾಡಗಿ ಮೆಣಸಿನಕಾಯಿ ಪುಡಿಯನ್ನು ಡಬ್ಬಿಗೆ ತುಂಬುತ್ತಿದ್ದೆ. ಗಾಳಿ ಬೀಸಿ ಬಲಗಣ್ಣಿಗೆ ಖಾರ ಬಿತ್ತು. ಆ ಕಣ್ಣನ್ನು ಒದ್ದೆ ಬಟ್ಟೆಯಿಂದ ಒತ್ತಿ ಹಿಡಿದು, ನೀರಿನ ತಂಬಿಗೆಗಾಗಿ ಕೈ ಚಾಚಿದರೆ ಎದುರಿಗಿದ್ದ ತಂಬಿಗೆ ನನಗೆ ಕಾಣಲೊಲ್ಲದು! ಗೋಡೆಯ ಕ್ಯಾಲೆಂಡರು ಬರಿಯ ಬಿಳಿ ಕಲೆ. ಸೊಸೆಯ ಮುಖ ಮಂಜು ಮಂಜು. ಎಡಗಣ್ಣಿಗೆ ಏನೂ ಆಗಿರಲಿಲ್ಲ, ನೋವಿಲ್ಲ, ನೀರಿಲ್ಲ. ಐವತ್ತೆರಡು ವರ್ಷ ನಾನು ಒಂದೇ ಕಣ್ಣಿನಲ್ಲಿ ಸಂಸಾರ ನಡೆಸಿದ್ದೆ ಎಂಬುದು ಆ ದಿನ ಗೊತ್ತಾಯಿತು.

ಬಲಗಣ್ಣು ಎರಡು ದಿನದಲ್ಲಿ ಸರಿಹೋಯಿತು. ಮನಸ್ಸು ಮಾತ್ರ ಮೊಮ್ಮಗಳ ಕಡೆ ಓಡಿತು. ಅವಳಿಗೆ ಆಗ ಎರಡೂವರೆ ವರ್ಷ. ಎಡಗಣ್ಣು ಆಗಾಗ ಮೂಗಿನ ಕಡೆ ತಿರುಗುತ್ತಿತ್ತು. “ಏನಾಗೂದಿಲ್ಲ ತಗೋ ಬೇ, ಮೆಳ್ಳಗಣ್ಣು ಅಂದ್ರ ಮನಿಗೆ ಲಕ್ಷ್ಮಿ ಬಂದಂಗ. ದೊಡ್ಡಾಕಿ ಆದಮ್ಯಾಲ ತಾನ ಸರಿ ಹೋಗತೈತಿ” ಎಂದು ಓಣಿಯ ಹಿರಿಯರು ಅಂದಿದ್ದರು. ನಾನೂ ಹೂಂಗುಟ್ಟಿದ್ದೆ. ಬಹುಶಃ ನನ್ನ ಅವ್ವನಿಗೂ ಯಾರೋ ಹೀಗೇ ಹೇಳಿರಬೇಕು.

ಆ ವಾರವೇ ಹುಬ್ಬಳ್ಳಿಯ ಬಸ್ಸು ಹತ್ತಿದೆವು. ಅಲ್ಲಿಯ ಕಣ್ಣಿನ ವೈದ್ಯರು ಮೊಮ್ಮಗಳಿಗೆ ಚಿತ್ರದ ಹಾಳೆ ತೋರಿಸಿದರು. ಅವಳು ನನ್ನ ಸೆರಗಿನಲ್ಲಿ ಮುಖ ಹುದುಗಿಸಿದಳು. ಬೊಂಬೆ ತೋರಿಸಿದರೆ ಅಳು. ಕೊನೆಗೆ ವೈದ್ಯರು, “ಬಾಯಿಂದ ಉತ್ತರ ಬರದಿದ್ದರೆ ಬೇಡ, ಮಿದುಳಿನಿಂದಲೇ ಕೇಳೋಣ. ಕಣ್ಣಿನ ನರ ಚೆನ್ನಾಗಿದೆಯೋ ಇಲ್ಲವೋ ಅದೂ ಗೊತ್ತಾಗುತ್ತದೆ” ಎಂದು ಒಂದು ಪರೀಕ್ಷೆ ಬರೆದುಕೊಟ್ಟರು. ನನ್ನ ಕಥೆ ಕೇಳಿ, “ನೀವೂ ಮಾಡಿಸಿಕೊಳ್ಳಿ” ಎಂದರು. ಹೀಗೆ ಅಜ್ಜಿ, ಮೊಮ್ಮಗಳು ಇಬ್ಬರೂ ಒಂದೇ ಕುರ್ಚಿಯ ಮೇಲೆ ಕುಳಿತೆವು.

ಕಣ್ಣು ಬರಿಯ ಕಿಟಕಿ

ಪರೀಕ್ಷೆಯ ಬಗ್ಗೆ ಹೇಳುವ ಮೊದಲು ಒಂದು ಮಾತು. ನಾವೆಲ್ಲ ಕಣ್ಣು ನೋಡುತ್ತದೆ ಅನ್ನುತ್ತೇವೆ. ನಿಜವಾಗಿ ಕಣ್ಣು ಒಂದು ಕಿಟಕಿ ಇದ್ದಂತೆ. ಕಿಟಕಿಯೊಳಗೆ ಬಂದ ಬೆಳಕು ಒಳಪರದೆಯ ಮೇಲೆ ಬಿದ್ದು, ನರದ ಹಾದಿಯಲ್ಲಿ ಸಂದೇಶವಾಗಿ ಹೋಗಿ, ತಲೆಯ ಹಿಂಭಾಗದಲ್ಲಿರುವ ಮಿದುಳಿನ ಒಂದು ತುಂಡನ್ನು ಮುಟ್ಟುತ್ತದೆ. ಜಡೆಯ ಬುಡ ಇರುತ್ತದಲ್ಲ, ಹೆಚ್ಚುಕಡಿಮೆ ಆ ಜಾಗದ ಒಳಗೆ. ನೋಡುವ ಕೆಲಸ ಮೊದಲಾಗುವುದು ಅಲ್ಲಿ.

ಮಿದುಳಿಗೆ ನೋಡುವುದು ಹುಟ್ಟಿನಿಂದಲೇ ಪೂರ್ತಿ ಬಂದಿರುವುದಿಲ್ಲ. ಕೂಸು ನಡೆಯಲು ಕಲಿಯುವಂತೆ, ಮಾತಾಡಲು ಕಲಿಯುವಂತೆ, ಮಿದುಳು ನೋಡಲು ಕಲಿಯುತ್ತದೆ. ಎರಡೂ ಕಣ್ಣುಗಳಿಂದ ಸ್ಪಷ್ಟ ಚಿತ್ರ ಬಂದರೆ ಎರಡರಿಂದಲೂ ಕಲಿಯುತ್ತದೆ. ಒಂದು ಕಣ್ಣು ಓರೆಯಾಗಿದ್ದರೆ, ಒಂದರ ನಂಬರು ಬಹಳ ಹೆಚ್ಚಾಗಿದ್ದರೆ, ಅಥವಾ ಪೊರೆ ಬಂದಿದ್ದರೆ ಮಿದುಳು ಒಳ್ಳೆಯ ಕಣ್ಣಿನ ಮಾತನ್ನಷ್ಟೇ ಕೇಳಿ ಇನ್ನೊಂದನ್ನು ಅಲಕ್ಷಿಸುತ್ತದೆ. ಇದನ್ನು ಆಂಬ್ಲಿಯೋಪಿಯಾ ಅನ್ನುತ್ತಾರೆ. ಆಡುಮಾತಿನಲ್ಲಿ ಸೋಮಾರಿ ಕಣ್ಣು. ನೂರು ಮಕ್ಕಳಲ್ಲಿ ಸುಮಾರು 2–3 ಮಕ್ಕಳಿಗೆ ಇದು ಇರುತ್ತದೆ. ಪಾಪ, ಕಣ್ಣೇನೂ ಸೋಮಾರಿಯಲ್ಲ. ಅದು ಕರೆಯುತ್ತಲೇ ಇರುತ್ತದೆ. ಮಿದುಳು ಬಾಗಿಲು ತೆಗೆಯುವುದಿಲ್ಲ, ಅಷ್ಟೇ.

ನಮ್ಮ ಭಾಗದಲ್ಲಿ ಕಣ್ಣಿನ ಮಾತು ಬಂದರೆ ಡಾ. ಎಂ. ಸಿ. ಮೋದಿಯವರ ನೆನಪು ಬಾರದೆ ಇರದು. ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಅವರು 2005ರಲ್ಲಿ ತೀರಿಕೊಳ್ಳುವವರೆಗೆ ಎಷ್ಟು ಊರುಗಳಲ್ಲಿ ಶಿಬಿರ ನಡೆಸಿದರು, ಎಷ್ಟು ಅಜ್ಜ-ಅಜ್ಜಿಯರ ಪೊರೆ ತೆಗೆದು ಬೆಳಕು ಕೊಟ್ಟರು! ವರ್ಷಗಟ್ಟಲೆ ಕುರುಡಾಗಿದ್ದ ಅಜ್ಜಿ ಪಟ್ಟಿ ಬಿಚ್ಚಿದ ದಿನವೇ ಮೊಮ್ಮಕ್ಕಳ ಗುರುತು ಹಿಡಿಯುತ್ತಿದ್ದಳು. ಏಕೆಂದರೆ ಅವಳ ಮಿದುಳು ಬಾಲ್ಯದಲ್ಲೇ ನೋಡಲು ಕಲಿತಿತ್ತು. ಹುಟ್ಟುವಾಗಲೇ ಪೊರೆ ಇರುವ ಕೂಸಿನ ಮಾತು ಬೇರೆ. ಅದು ಇನ್ನೂ ಕಲಿತೇ ಇಲ್ಲ. ಅಜ್ಜಿಯ ಪೊರೆ ವರ್ಷಗಟ್ಟಲೆ ಕಾಯಬಹುದು. ಕೂಸಿನ ದಟ್ಟ ಪೊರೆ ಹತ್ತು ವಾರವೂ ಕಾಯಲಾರದು. ಅದಕ್ಕೇ ವೈದ್ಯರು ಅಂಥ ಕೂಸುಗಳಿಗೆ ಒಂದೂವರೆ-ಎರಡು ತಿಂಗಳಲ್ಲೇ ಶಸ್ತ್ರಚಿಕಿತ್ಸೆ ಮಾಡಲು ನೋಡುತ್ತಾರೆ.

ಚೌಕಳಿ ಆಟ, ಕೇರುವ ಲೆಕ್ಕ

ಈಗ ಪರೀಕ್ಷೆಗೆ ಬರೋಣ. ಇದರ ಹೆಸರು ವಿಷುಯಲ್ ಇವೋಕ್ಡ್ ಪೊಟೆನ್ಷಿಯಲ್, ಚಿಕ್ಕದಾಗಿ ವಿಇಪಿ. ಹೆಸರು ಕೇಳಿ ಗಾಬರಿಯಾಗಬೇಡಿ. ಕಣ್ಣಿಗೆ ಏನನ್ನೋ ತೋರಿಸಿ, ಮಿದುಳು ಕೊಡುವ ಉತ್ತರವನ್ನು ಅಳೆಯುವುದು, ಅಷ್ಟೇ ಇದರ ಅರ್ಥ.

ತಲೆಯ ಹಿಂಭಾಗದಲ್ಲಿ, ಇನ್ನೂ ಒಂದೆರಡು ಕಡೆ, ಗುಂಡಿಯಂಥ ಪುಟ್ಟ ಬಟ್ಟಲುಗಳನ್ನು ಅಂಟಿನಿಂದ ಕೂಡಿಸುತ್ತಾರೆ. ಸೂಜಿ ಚುಚ್ಚುವುದಿಲ್ಲ. ದೇಹದೊಳಗೆ ಕರೆಂಟು ಬಿಡುವುದಿಲ್ಲ. ಮಿದುಳಿನಲ್ಲಿ ತಾನಾಗಿ ಹುಟ್ಟುವ ವಿದ್ಯುತ್ತನ್ನು ಹೊರಗಿನಿಂದ ಆಲಿಸುತ್ತಾರೆ. ಎದುರಿಗೆ ಟಿವಿಯಂಥ ಪರದೆ. ಅದರ ಮೇಲೆ ಕಪ್ಪು-ಬಿಳುಪು ಚೌಕಳಿ, ಥೇಟ್ ನಮ್ಮ ಚೌಕಳಿ ಸೀರೆಯ ಹಾಗೆ. ಸೆಕೆಂಡಿಗೆ ಎರಡು ಸಲ ಕಪ್ಪು ಬಿಳಿಯಾಗುತ್ತದೆ, ಬಿಳಿ ಕಪ್ಪಾಗುತ್ತದೆ. ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ನೋಡಬೇಕು. ಪರದೆ ಒಂದು ಮೀಟರು ದೂರವಿದ್ದರೆ ದೊಡ್ಡ ಚೌಕ ಸುಮಾರು ಒಂದು ಮುಕ್ಕಾಲು ಸೆಂಟಿಮೀಟರು, ಕೋಟಿನ ಗುಂಡಿಯಷ್ಟು. ಸಣ್ಣ ಚೌಕ ನಾಲ್ಕೂವರೆ ಮಿಲಿಮೀಟರು, ಒಂದು ತೊಗರಿ ಬೇಳೆಯಷ್ಟು.

ಚೌಕ ಬದಲಾದಾಗಲೆಲ್ಲ ಮಿದುಳು ಒಂದು ಸಣ್ಣ ಅಲೆ ಎಬ್ಬಿಸುತ್ತದೆ. ಎಷ್ಟು ಸಣ್ಣದು ಗೊತ್ತೇ? ಸುಮಾರು ಹತ್ತು ಮೈಕ್ರೋವೋಲ್ಟು. ಗೋಡೆ ಗಡಿಯಾರಕ್ಕೆ ಹಾಕುವ ಸೆಲ್ ಒಂದೂವರೆ ವೋಲ್ಟಿನದು. ಅದರ ಒಂದೂವರೆ ಲಕ್ಷದಲ್ಲಿ ಒಂದು ಪಾಲು! ಮಿದುಳಿನಲ್ಲಿ ಸದಾ ಎದ್ದಿರುವ ಬೇರೆ ಅಲೆಗಳ ಗದ್ದಲದಲ್ಲಿ ಇದು ಮುಳುಗಿ ಹೋಗುತ್ತದೆ. ಹಾಗಾದರೆ ಹುಡುಕುವುದು ಹೇಗೆ?

ನೀವು ಮೊರದಲ್ಲಿ ಜೋಳ ಕೇರುತ್ತೀರಲ್ಲ, ಹಾಗೆಯೇ. ಒಂದು ಸಲ ಕೇರಿದರೆ ಹೊಟ್ಟು ಪೂರ್ತಿ ಹೋಗುವುದಿಲ್ಲ. ಮತ್ತೆ ಮತ್ತೆ ಕೇರಿದಾಗ ಹೊಟ್ಟು ಹಾರಿ ಕಾಳು ಉಳಿಯುತ್ತದೆ. ಚೌಕವನ್ನು ಐವತ್ತು, ನೂರು ಸಲ ಬದಲಿಸಿ, ಪ್ರತಿ ಸಲದ ಅಲೆಯನ್ನು ಒಂದರ ಮೇಲೊಂದು ಕೂಡಿಸಿ ಸರಾಸರಿ ತೆಗೆಯುತ್ತಾರೆ. ಗದ್ದಲ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಇರುವುದರಿಂದ ತಾನಾಗಿ ಅಳಿಯುತ್ತದೆ. ನೋಟದ ಉತ್ತರ ಪ್ರತಿ ಸಲವೂ ಒಂದೇ ಹೊತ್ತಿಗೆ ಬರುವುದರಿಂದ ಉಳಿಯುತ್ತದೆ. ನೂರು ಸಲಕ್ಕೆ ಹಿಡಿಯುವುದು ಐವತ್ತೇ ಸೆಕೆಂಡು!

ಮನುಷ್ಯರ ಮಿದುಳಿನ ವಿದ್ಯುತ್ತನ್ನು ಮೊದಲು ದಾಖಲು ಮಾಡಿದವರು ಜರ್ಮನಿಯ ವೈದ್ಯ ಹಾನ್ಸ್ ಬರ್ಗರ್, 1924ರಲ್ಲಿ. ಈ ಕೇರುವ ಉಪಾಯವನ್ನು ಯಂತ್ರದಿಂದ ಮಾಡಿಸಿದವರು ಲಂಡನ್ನಿನ ಜಾರ್ಜ್ ಡಾಸನ್, 1950ರ ದಶಕದಲ್ಲಿ. ಆಗ ಕೋಣೆ ತುಂಬುತ್ತಿದ್ದ ಸಲಕರಣೆಯ ಕೆಲಸವನ್ನು ಇಂದು ಮೇಜಿನ ಮೇಲಿನ ಕಂಪ್ಯೂಟರು ಮಾಡುತ್ತದೆ.

ಎರಡು ಹಾಳೆ, ಒಂದೇ ಕಥೆ

ಮೊಮ್ಮಗಳನ್ನು ಅವಳ ತಾಯಿಯ ತೊಡೆಯ ಮೇಲೆ ಕೂಡಿಸಿದರು. ಪರದೆಯ ನಡುವೆ ಆಗಾಗ ಒಂದು ಗೊಂಬೆ ಬರುತ್ತಿತ್ತು. ಅಳುತ್ತಿದ್ದವಳು ಬಾಯಿ ತೆರೆದು ನೋಡುತ್ತ ಕುಳಿತಳು. ಅವಳು ಆಚೆ ಈಚೆ ತಿರುಗಿದರೆ ಯಂತ್ರ ನಿಲ್ಲಿಸಿ ಕಾಯುತ್ತಿದ್ದರು. ಆಮೇಲೆ ನನ್ನ ಸರದಿ. ಸಂಜೆ ಎರಡು ಹಾಳೆ ಕೈಗೆ ಬಂದವು.

ವೈದ್ಯರು ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ದೊಡ್ಡವರಲ್ಲಿ ಮುಖ್ಯ ಅಲೆ ಚೌಕ ಬದಲಾದ ಸುಮಾರು 100 ಮಿಲಿಸೆಕೆಂಡಿಗೆ, ಅಂದರೆ ಸೆಕೆಂಡಿನ ಹತ್ತನೇ ಒಂದು ಭಾಗಕ್ಕೆ ಏಳುತ್ತದೆ. ಹುಟ್ಟಿದ ಹೊಸದರಲ್ಲಿ ಕೂಸಿಗೆ ಇದರ ಎರಡು ಪಟ್ಟಿಗಿಂತ ಹೆಚ್ಚು ಹೊತ್ತು ಬೇಕು. ಏಕೆಂದರೆ ಕರೆಂಟಿನ ತಂತಿಗೆ ಇರುವಂಥ ಹೊದಿಕೆ ನರಗಳ ಮೇಲೆ ಇನ್ನೂ ಪೂರ್ತಿ ಬೆಳೆದಿರುವುದಿಲ್ಲ. ದೊಡ್ಡ ಚೌಕಗಳಿಗೆ ಮೊದಲ ವರ್ಷದೊಳಗೇ ದೊಡ್ಡವರ ವೇಗ ಹತ್ತಿರ ಬರುತ್ತದೆ. ಬೇಳೆಯಷ್ಟು ಸಣ್ಣ ಚೌಕಗಳಿಗೆ ಮಾತ್ರ ಐದು ವರ್ಷದ ತನಕ ಹಿಡಿಯಬಹುದು. ಇನ್ನೊಂದು ಸೋಜಿಗ ಕೇಳಿ: ಮಕ್ಕಳ ಅಲೆ ಸಾಮಾನ್ಯವಾಗಿ ನಮ್ಮದಕ್ಕಿಂತ ಎತ್ತರ! ಆದ್ದರಿಂದ ಮಗುವಿನ ಹಾಳೆಯನ್ನು ದೊಡ್ಡವರ ಹಾಳೆಗೆ ಹೋಲಿಸುವುದಿಲ್ಲ. ಅದೇ ವಯಸ್ಸಿನ ಮಕ್ಕಳ ಹಾಳೆಗೆ, ಮತ್ತು ಅದರದೇ ಇನ್ನೊಂದು ಕಣ್ಣಿಗೆ ಹೋಲಿಸುತ್ತಾರೆ.

ಅಮೆರಿಕದ ನಾರ್ಸಿಯಾ ಮತ್ತು ಟೈಲರ್ ಎಂಬ ಇಬ್ಬರು ವಿಜ್ಞಾನಿಗಳು 197 ಕೂಸುಗಳ ನೋಟವನ್ನು ಹೀಗೇ ತಲೆಯ ಹಿಂದಿನಿಂದ ಅಳೆದು 1985ರಲ್ಲಿ ಪ್ರಕಟಿಸಿದರು. ಸಣ್ಣ ಗೆರೆಗಳನ್ನು ಗುರುತಿಸುವ ಮಿದುಳಿನ ಶಕ್ತಿ ಮೊದಲ ತಿಂಗಳಿನಿಂದ ಎಂಟು ತಿಂಗಳು ತುಂಬುವಷ್ಟರಲ್ಲಿ ನಾಲ್ಕು ಪಟ್ಟಿಗೂ ಹೆಚ್ಚಾಗಿತ್ತು. ಕೂಸು ಮಲಗಿ ಕೈಕಾಲು ಬಡಿಯುತ್ತ ಸುಮ್ಮನಿದೆ ಎಂದುಕೊಳ್ಳುತ್ತೇವೆ. ಒಳಗೆ ಎಂಥ ಪಾಠಶಾಲೆ ನಡೆದಿರುತ್ತದೆ ನೋಡಿ!

ನಮ್ಮ ಎರಡು ಹಾಳೆಗಳಲ್ಲೂ ಬಲಗಣ್ಣಿನ ಅಲೆ ಗುಡ್ಡದಂತೆ ಎದ್ದಿತ್ತು. ಎಡಗಣ್ಣಿನ ಅಲೆ ಗಿಡ್ಡ, ಸ್ವಲ್ಪ ತಡವೂ ಹೌದು. ಸಣ್ಣ ಚೌಕಗಳಿಗಂತೂ ನನ್ನ ಹಾಳೆಯಲ್ಲಿ ಅಲೆಯೇ ಇಲ್ಲವೆನ್ನಬೇಕು. “ಇಬ್ಬರಿಗೂ ಒಂದೇ ತೊಂದರೆ. ಆದರೆ ಇವಳಿಗೆ ಎರಡೂವರೆ ವರ್ಷ, ನಿಮಗೆ ಐವತ್ತೆರಡು. ಇವಳ ಮಿದುಳು ಇನ್ನೂ ಕಲಿಯುತ್ತದೆ” ಎಂದರು ವೈದ್ಯರು. ನನ್ನ ಕಣ್ಣಲ್ಲಿ ನೀರು ಬಂತು. ಎರಡೂ ಕಣ್ಣಲ್ಲಿ ಬಂತು. ಅಳುವುದನ್ನು ಎಡಗಣ್ಣೂ ಮರೆತಿರಲಿಲ್ಲ.

ತಡವಾದರೆ ಏನಾಗುತ್ತದೆ?

ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಎಂಬವರು ಬೆಕ್ಕಿನ ಮರಿಯ ಒಂದು ಕಣ್ಣಿನ ರೆಪ್ಪೆಯನ್ನು ಮೊದಲ ಕೆಲವು ತಿಂಗಳು ಮುಚ್ಚಿಟ್ಟು ತೆರೆದಾಗ ಕಣ್ಣು ಆರೋಗ್ಯವಾಗಿಯೇ ಇತ್ತು. ಮಿದುಳಿನ ಕಣಗಳು ಮಾತ್ರ ಅದಕ್ಕೆ ಉತ್ತರ ಕೊಡುವುದನ್ನು ಹೆಚ್ಚುಕಡಿಮೆ ಬಿಟ್ಟಿದ್ದವು. ದೊಡ್ಡ ಬೆಕ್ಕಿನ ಕಣ್ಣನ್ನು ಅಷ್ಟೇ ಕಾಲ ಮುಚ್ಚಿದರೆ ಹಾಗಾಗಲಿಲ್ಲ. 1960ರ ದಶಕದ ಈ ಕೆಲಸವೂ ಸೇರಿ ಅವರಿಗೆ 1981ರ ನೊಬೆಲ್ ಬಹುಮಾನ ಬಂತು.

ಮನುಷ್ಯರಲ್ಲೂ ಹೀಗೆಯೇ ಎಂಬುದನ್ನು ನಮ್ಮ ನೆರೆಯ ಹೈದರಾಬಾದಿನ ಎಲ್. ವಿ. ಪ್ರಸಾದ್ ಕಣ್ಣಿನ ಸಂಸ್ಥೆಯಲ್ಲಿ ಅಳೆದು ನೋಡಿದ್ದಾರೆ. ಜರ್ಮನಿಯ ಹ್ಯಾಂಬರ್ಗ್ ವಿಶ್ವವಿದ್ಯಾಲಯದವರ ಜೊತೆಗೂಡಿ ನಡೆಸಿದ ಆ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಹುಟ್ಟಿನಿಂದಲೇ ಪೊರೆ ಇದ್ದು ಆಮೇಲೆ ತೆಗೆಸಿಕೊಂಡವರಲ್ಲಿ, ಪೊರೆ ಹೋಗಿ ವರ್ಷಗಳಾಗಿದ್ದರೂ ಮಿದುಳಿನ ಮೊದಲ ಅಲೆ ಗಿಡ್ಡವಾಗಿಯೇ ಇತ್ತು. ಮೊದಲು ಚೆನ್ನಾಗಿ ಕಂಡು, ಬೆಳೆಯುವಾಗ ಪೊರೆ ಬಂದವರಲ್ಲಿ ಅಲೆ ಬೇರೆಯವರಂತೆಯೇ ಇತ್ತು. ಹಾಗೆಂದು ತಡವಾದವರು ಪೂರ್ತಿ ಕೈಬಿಡಬೇಕಿಲ್ಲ. ಪವನ್ ಸಿನ್ಹಾ ಅವರ ‘ಪ್ರಾಜೆಕ್ಟ್ ಪ್ರಕಾಶ್’ನಲ್ಲಿ ಉತ್ತರ ಭಾರತದ ಎಷ್ಟೋ ಮಕ್ಕಳು ದೊಡ್ಡವರಾದ ಮೇಲೆ ಶಸ್ತ್ರಚಿಕಿತ್ಸೆಯಾಗಿಯೂ ಬಹಳಷ್ಟು ನೋಡಲು ಕಲಿತಿದ್ದಾರೆ. ಸ್ಪಷ್ಟತೆ ಮಾತ್ರ ಪೂರ್ತಿ ಬರುವುದಿಲ್ಲ.

ಪಟ್ಟಿ ಕಟ್ಟುವ ಎರಡು ತಾಸು

ಮೊಮ್ಮಗಳಿಗೆ ಕನ್ನಡಕ ಬಂತು. ಜೊತೆಗೆ ದಿನಕ್ಕೆ ಎರಡು ತಾಸು ಬಲಗಣ್ಣಿಗೆ ಪಟ್ಟಿ. ಚೆನ್ನಾಗಿರುವ ಕಣ್ಣನ್ನು ಮುಚ್ಚುವುದೇ ಎಂದು ಮನೆಯಲ್ಲಿ ಜಗಳವಾಯಿತು! ಒಳ್ಳೆಯ ಕಣ್ಣು ಮುಚ್ಚಿದರೆ ತಾನೇ ಮಿದುಳು ಇನ್ನೊಂದರ ಮಾತು ಕೇಳುವುದು? ಅಮೆರಿಕದಲ್ಲಿ 3ರಿಂದ 7 ವರ್ಷದೊಳಗಿನ ಮಕ್ಕಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ತೊಂದರೆ ಮಧ್ಯಮ ಪ್ರಮಾಣದ್ದಾಗಿದ್ದರೆ ಎರಡು ತಾಸಿನ ಪಟ್ಟಿ ಆರು ತಾಸಿನಷ್ಟೇ ಗುಣ ಕೊಟ್ಟಿತು. ನಿಮ್ಮ ಮಗುವಿಗೆ ಎಷ್ಟು ಹೊತ್ತು ಎಂಬುದನ್ನು ವೈದ್ಯರೇ ಹೇಳಬೇಕು. ಹೆಚ್ಚು ಕಟ್ಟಿದರೆ ಒಳ್ಳೆಯ ಕಣ್ಣಿಗೇ ಕುತ್ತು. ನಡುವೆ ಬಿಟ್ಟರೆ ಬಂದ ನೋಟ ಮತ್ತೆ ಜಾರೀತು.

ಮೊದಲ ವಾರ ಕಿತ್ತು ಬಿಸಾಡಿದಳು. ಆಮೇಲೆ ನಾನೊಂದು ಉಪಾಯ ಮಾಡಿದೆ. ಪಟ್ಟಿಯ ಹೊತ್ತನ್ನು ಅಡಿಗೆಮನೆಯ ಹೊತ್ತಿಗೆ ಹೊಂದಿಸಿದೆ. ನಾನು ಅವರೆಕಾಯಿ ಸುಲಿದರೆ ಅವಳು ಕಾಳನ್ನು ಬಟ್ಟಲಿಗೆ ಹಾಕುವುದು; ರಂಗೋಲಿ ಚುಕ್ಕೆ ಎಣಿಸುವುದು; ಕೌದಿಯ ಮೇಲಿನ ಹೂವು ಹುಡುಕುವುದು. ಅವಳ ಗೊಂಬೆಗೂ ಒಂದು ಪಟ್ಟಿ ಅಂಟಿಸಿದೆ. ಈಗ ಅವಳಿಗೆ ಐದೂವರೆ. ಎಡಗಣ್ಣಿನಿಂದ ತಖ್ತೆಯ ಅಕ್ಷರ ಓದುತ್ತಾಳೆ, ಬಲಗಣ್ಣಿಗಿಂತ ಎರಡೇ ಸಾಲು ಕಡಿಮೆ. ನನ್ನ ಎಡಗಣ್ಣು ಹಾಗೆಯೇ ಇದೆ. ಇದ್ದೊಂದು ಕಣ್ಣನ್ನು ಜೋಪಾನ ಮಾಡಲು ಒಗ್ಗರಣೆ ಹಾಕುವಾಗಲೂ, ಖಾರ ತುಂಬುವಾಗಲೂ ಕನ್ನಡಕ ಹಾಕುತ್ತೇನೆ.

ನೀವು ಗಮನಿಸಬೇಕಾದದ್ದು

ಎಲ್ಲ ಮಕ್ಕಳಿಗೂ ವಿಇಪಿ ಬೇಕಿಲ್ಲ. ಬಹುಪಾಲು ಮಕ್ಕಳ ದೋಷವನ್ನು ಕಣ್ಣಿನ ವೈದ್ಯರು ಸಾಧಾರಣ ಪರೀಕ್ಷೆಯಲ್ಲೇ ಹಿಡಿಯುತ್ತಾರೆ. ಮಗು ಸಹಕರಿಸದಿದ್ದಾಗ, ನರದ ಮೇಲೆ ಅನುಮಾನ ಬಂದಾಗ ಇದರ ನೆರವು. ನಿಮ್ಮ ಕೆಲಸ ಅನುಮಾನವನ್ನು ಬೇಗ ಪಡುವುದು:

• ಮೂರು ತಿಂಗಳಾದರೂ ಕೂಸು ನಿಮ್ಮ ಮುಖವನ್ನು ಕಣ್ಣಿನಿಂದ ಹಿಂಬಾಲಿಸದಿದ್ದರೆ.

• ನಾಲ್ಕು ತಿಂಗಳಾದ ಮೇಲೂ ಕಣ್ಣು ಓರೆಯಾಗುತ್ತಿದ್ದರೆ, ಅಥವಾ ಕಣ್ಣುಗುಡ್ಡೆ ಸದಾ ಅಲ್ಲಾಡುತ್ತಿದ್ದರೆ.

• ಕಣ್ಣಿನ ಪಾಪೆಯಲ್ಲಿ ಅಥವಾ ಫೋಟೋದಲ್ಲಿ ಬಿಳಿ ಹೊಳಪು ಕಂಡರೆ. ಇದಕ್ಕೆ ಒಂದು ದಿನವೂ ತಡಮಾಡಬೇಡಿ.

• ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿದರೆ ಸುಮ್ಮನಿದ್ದು, ಇನ್ನೊಂದನ್ನು ಮುಚ್ಚಿದರೆ ಕೂಸು ಅತ್ತು ಕೈ ತಳ್ಳುತ್ತಿದ್ದರೆ.

• 34 ವಾರಕ್ಕಿಂತ ಮೊದಲೇ ಹುಟ್ಟಿದ, ಅಥವಾ ಎರಡು ಕಿಲೋಗಿಂತ ಕಡಿಮೆ ತೂಕದ ಕೂಸಾದರೆ ಹುಟ್ಟಿದ 30 ದಿನದೊಳಗೆ ಕಣ್ಣಿನ ಒಳಪರದೆ ತೋರಿಸಲೇಬೇಕು.

ವಿಇಪಿಗೆ ಕರೆದೊಯ್ಯುವ ದಿನ ತಲೆಗೆ ಎಣ್ಣೆ ಹಚ್ಚದೆ ಎರೆದುಕೊಂಡು ಹೋಗಿ. ಕನ್ನಡಕ ಇದ್ದರೆ ಮರೆಯಬೇಡಿ. ಮಗುವಿಗೆ ಉಣಿಸಿ, ನಿದ್ದೆ ಮಾಡಿಸಿ ಕರೆದೊಯ್ಯಿರಿ. ಯಾವತ್ತೂ ಕೂಸಿನ ಕಣ್ಣಿಗೆ ಕಾಡಿಗೆ, ಹರಳೆಣ್ಣೆ, ಮೊಲೆಹಾಲು ಹಾಕಬೇಡಿ.

ಹುಬ್ಬಳ್ಳಿ ದೂರವಾಯಿತೇ? ಅಂಗನವಾಡಿಯಿಂದಲೇ ಆರಂಭಿಸಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬಂದು ಮಕ್ಕಳನ್ನು ನೋಡಬೇಕೆಂದು ಕ್ರಮವಿದೆ. ಅವರು ಬಂದ ದಿನ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ. “ನಮ್ಮ ಕೂಸಿನ ಕಣ್ಣು ಒಂದಿಷ್ಟು ನೋಡ್ರಿ” ಎಂದು ಬಾಯಿ ಬಿಟ್ಟು ಕೇಳಿ.

ಇಂದು ಸಂಜೆ ದೀಪ ಹಚ್ಚಿದ ಮೇಲೆ ಒಂದು ಸಣ್ಣ ಕೆಲಸ ಮಾಡುತ್ತೀರಾ? ಮೊದಲು ನಿಮ್ಮದೇ ಒಂದು ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರು ನೋಡಿ, ಆಮೇಲೆ ಇನ್ನೊಂದು. ಅನಂತರ ಆಟದ ನೆಪದಲ್ಲಿ ಮನೆಯ ಮಕ್ಕಳಿಗೂ ಮಾಡಿಸಿ. ಅರ್ಧ ನಿಮಿಷದ ಕೆಲಸ. ನನ್ನ ಅವ್ವನಿಗೆ ಇದನ್ನು ಹೇಳಿಕೊಡುವವರು ಯಾರೂ ಇರಲಿಲ್ಲ. ನಿಮಗೆ ನಾನು ಹೇಳಿದ್ದೇನೆ.